ಕನ್ಸಲ್ಟಿಂಗ್ ಕಂಪನಿಯವ್ರು, ಅಂದ್ರೆ ಬೇರೆ ಕಂಪನಿಗಳಿಗೆ ಸಲಹೆ ಕೊಡೋರು, ಯಾಕೆ ರಾತ್ರಿ 2 ಗಂಟೆ ತನಕ ಪಿಪಿಟಿ ಮಾಡ್ತಾ ಕೂತಿರ್ತಾರೆ?

ಯಾಕಂದ್ರೆ ಅವ್ರು ರಾತ್ರಿ ಎಷ್ಟೊತ್ತು ಕೂತ್ರೂ ಕಂಪನಿಗೆ ಹೆಚ್ಚಿಗೆ ಖರ್ಚಾಗಲ್ಲ, ಅಷ್ಟೇ.

ಮ್ಯಾಕಿನ್ಸೆ, ಬಿಸಿಜಿ, ಬೇನ್ ಥರದ ಕಂಪನಿಗಳು ಸಾಮಾನ್ಯವಾಗಿ ಗಂಟೆ ಲೆಕ್ಕದಲ್ಲಿ ಬಿಲ್ ಮಾಡಲ್ಲ, ಒಂದು ಟೀಮು, ಇಷ್ಟು ವಾರ, ಒಟ್ಟು ಇಷ್ಟು ಫೀಸು ಅಂತ ಮದುವೆ ಅಡುಗೆ ಭಟ್ರ ಥರ ಗುತ್ತಿಗೆ ಮಾತಾಡಿರ್ತಾರೆ. ಟೀಮಿನ ಸಂಬಳನೂ ಫಿಕ್ಸು, ಓವರ್‌ಟೈಮ್ ಅನ್ನೋ ಮಾತೇ ಇಲ್ಲ. ಈಗ ಹೇಗಾದ್ರೂ ಪ್ರಾಜೆಕ್ಟ್ ಹಿಡೀಬೇಕಂತ ಪಾರ್ಟ್ನರ್ ಸಾಹೇಬ್ರು, ಅಂದ್ರೆ ಕಂಪನಿಲಿ ಪಾಲಿರೋ ದೊಡ್ಡ ಬಾಸು, 12 ವಾರದ ಕೆಲಸನ 8 ವಾರದಲ್ಲಿ ಮಾಡ್ಕೊಡ್ತೀವಿ ಅಂತ ಒಪ್ಕೊಂಡು ಬಂದ್ರೆ ಆ 4 ವಾರ ಎಲ್ಲಿಂದ ಬರ್ಬೇಕು? ಕೆಳಗಿನ ಹುಡುಗ್ರ ನಿದ್ದೆಯಿಂದ. ಅದೂ ಅಲ್ದೆ ಪಾರ್ಟ್ನರ್‌ಗೆ ಒಂದೇ ಸಲ ಎರಡು ಮೂರು ಕ್ಲೈಂಟ್ ಇರ್ತಾರೆ, ಹಗಲೆಲ್ಲ ಮೀಟಿಂಗು, ಸ್ಲೈಡ್ ನೋಡೋಕೆ ಪುರುಸೊತ್ತಾಗೋದೇ ರಾತ್ರಿ 9ಕ್ಕೆ ಏರ್‌ಪೋರ್ಟಲ್ಲಿ, ಆಗ ಕಾಮೆಂಟ್ಸ್ ಬರುತ್ತೆ, ಬೆಳಗ್ಗೆ 9ಕ್ಕೆ ಕ್ಲೈಂಟ್ ಮುಂದೆ ನಿಲ್ಬೇಕು, ಮಧ್ಯ ಉಳಿಯೋದು ರಾತ್ರಿ ಮಾತ್ರ.

ಆಗಲ್ಲ ಅನ್ನೋಕೇನು ಅಂತೀರಾ? ಅಲ್ಲಿ "ಅಪ್ ಆರ್ ಔಟ್" ಅನ್ನೋ ಪದ್ಧತಿ, ಅಂದ್ರೆ ಎರಡು ಮೂರು ವರ್ಷದಲ್ಲಿ ಪ್ರಮೋಷನ್ ಆಗ್ಲಿಲ್ಲ ಅಂದ್ರೆ ಬೇರೆ ಕೆಲಸ ನೋಡ್ಕೊಳಪ್ಪ ಅಂತ ಮರ್ಯಾದೆಯಾಗೇ ಹೇಳ್ತಾರೆ. ಸೇರೋರೂ ಹೆಚ್ಚಾಗಿ ಐಐಎಂ, ಐಐಟಿ ಕಡೆಯಿಂದ ಬಂದವ್ರು, ಸ್ಕೂಲಿಂದ ಫಸ್ಟ್ ರ್‍ಯಾಂಕ್ ಅಭ್ಯಾಸ ಇರೋರು, "ಆಗಲ್ಲ" ಅನ್ನೋದು ನಾಲಿಗೆಗೇ ಬರಲ್ಲ ಪಾಪ.

ಇಷ್ಟೆಲ್ಲ ಮಾಡಿದ್ಮೇಲೆ ಅರ್ಧಕ್ಕರ್ಧ ಸ್ಲೈಡು ಅಪೆಂಡಿಕ್ಸ್‌ಗೆ, ಅಂದ್ರೆ ಕ್ಲೈಂಟ್ ತಿರುಗಿಸಿ ಕೂಡ ನೋಡದ ಹಿಂದಿನ ಪುಟಗಳಿಗೆ ಹೋಗುತ್ತೆ.