ಪಫಿನ್‌ಗಳ ಚಳಿಗಾಲದ ಜಾಡು ಹಿಡಿಯಲು ಜಿಪಿಎಸ್ ಒಳ್ಳೆಯದೋ, ಜಿಯೋಲೊಕೇಟರೋ? 20 ಹಕ್ಕಿಗಾಗುವಷ್ಟು ದುಡ್ಡಿದೆ

20 ಹಕ್ಕಿ, ಒಂದು ಬೇಸಿಗೆ, ಯಾವ ಯಂತ್ರ ಅನ್ನೋ ತಲೆಬಿಸಿ. ನಿಮ್ಮ ಪ್ರಶ್ನೆ ಓದಿದಾಗ ಹಳೆಯ ನಾನೇ ಎದುರು ಬಂದು ಕೂತ ಹಾಗಾಯಿತು.

ನಾನು ಹಾಕಿದ್ದು ಜಿಯೋಲೊಕೇಟರ್, ಅಂದರೆ ಬೆಳಕನ್ನು ದಾಖಲಿಸಿಟ್ಟುಕೊಳ್ಳುವ ಪುಟ್ಟ ಯಂತ್ರ. ಹಕ್ಕಿಯನ್ನು ಮತ್ತೆ ಹಿಡಿದು ಬಿಚ್ಚಿದರೆ ಮಾತ್ರ ಮಾಹಿತಿ. ಪಫಿನ್ ಬಿಲದೊಳಗೆ ಗೂಡು ಮಾಡುವ ಕಡಲಹಕ್ಕಿ, ತೂಗುವುದೇ ಸುಮಾರು 400 ಗ್ರಾಂ. ಬೆನ್ನಿನ ಗರಿಗೆ ಟೇಪಿನಲ್ಲಿ ಅಂಟಿಸಿದ ಜಿಪಿಎಸ್ ಚಳಿಗಾಲದವರೆಗೆ ಉಳಿಯುವುದಿಲ್ಲ. ಪಟ್ಟಿ ಬಿಗಿದು ಕಟ್ಟಿದರೆ, ನೀರಿನೊಳಗೆ ರೆಕ್ಕೆ ಬಡಿದು ಈಜುವ ಹಕ್ಕಿಗೆ ಹಿಂಸೆ. ಒಂದೆರಡು ಗ್ರಾಮಿನ ಜಿಯೋಲೊಕೇಟರ್ ಕಾಲಿನ ಉಂಗುರದಲ್ಲಿ ಕೂರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ನೀವು ಕೇಳಬೇಕಿದ್ದದ್ದು ಅದಲ್ಲ.

ಮರುವರ್ಷ ಭುಜದವರೆಗೆ ಬಿಲದೊಳಗೆ ಕೈ ತೂರಿಸಿ, ಬೆರಳೆಲ್ಲ ಕಚ್ಚಿಸಿಕೊಂಡು, 20ರಲ್ಲಿ 11 ಯಂತ್ರ ವಾಪಸ್ ತಂದೆ. ನಕ್ಷೆಯ ಮೇಲೆ ಹಾಕಿದರೆ ಏನು ಚಂದ! ಸೆಪ್ಟೆಂಬರ್ ಕೊನೆಗೆ ಹನ್ನೊಂದೂ ದಕ್ಷಿಣಕ್ಕೆ, ಮಾರ್ಚ್ ಕೊನೆಗೆ ಮತ್ತೆ ಉತ್ತರಕ್ಕೆ. 2015ರಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ಮೀನುಬಲೆ ನಿಯಂತ್ರಿಸುವುದಾದರೆ ಈ ದಕ್ಷಿಣದ ಸಮುದ್ರದಲ್ಲೇ ಅಂತ ವರದಿ ಬರೆದು ಕೊಟ್ಟೂಬಿಟ್ಟೆ.

ಹಿರಿಯ ಸಹೋದ್ಯೋಗಿಯೊಬ್ಬರು ನಕ್ಷೆ ನೋಡಿ ಕೇಳಿದ್ದು ಒಂದೇ ಮಾತು: "ಇವೆಲ್ಲ ಕ್ಯಾಲೆಂಡರ್ ನೋಡ್ಕೊಂಡು ಹೊರಟ್ವೇನಪ್ಪಾ?"

ಈಗ ನನ್ನ ತಪ್ಪು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ಜಿಯೋಲೊಕೇಟರಿಗೆ ಗೊತ್ತಿರುವುದು ಬೆಳಕು ಮತ್ತು ಗಡಿಯಾರ. ಹಕ್ಕಿಯ ಮಧ್ಯಾಹ್ನ ಯಾವ ಹೊತ್ತಿಗೆ ಆಯಿತು ಅನ್ನುವುದರಿಂದ ರೇಖಾಂಶ, ಹಗಲಿನ ಉದ್ದದಿಂದ ಅಕ್ಷಾಂಶ. ಆದರೆ 'ಬೆಳಗಾಯಿತು' ಅಂತ ಯಂತ್ರ ಅಂದುಕೊಳ್ಳುವಾಗ ಸೂರ್ಯ ದಿಗಂತಕ್ಕಿಂತ ಎಷ್ಟು ಕೆಳಗಿರುತ್ತಾನೆ ಅನ್ನುವುದನ್ನು ನಾವೇ ಅಳೆದು ಕೊಡಬೇಕು. ನಾನು ಅಳೆಯಲಿಲ್ಲ. ಬೇರೆಯವರ ಲೆಕ್ಕದಿಂದ 3 ಡಿಗ್ರಿ ಅಂತ ಎತ್ತಿಕೊಂಡೆ. ನನ್ನ ಯಂತ್ರಗಳ ಕಣ್ಣು ಚುರುಕು. ಸೂರ್ಯ 6 ಡಿಗ್ರಿ ಕೆಳಗಿದ್ದಾಗಲೇ ಅವುಗಳಿಗೆ ಬೆಳಗು. ಹಾಗಾಗಿ ನನ್ನ ಲೆಕ್ಕದಲ್ಲಿ ಪ್ರತಿ ಹಗಲೂ ನಿಜಕ್ಕಿಂತ ಉದ್ದ. ಬೇಸಿಗೆಯಲ್ಲಿ ಹಗಲು ಉದ್ದ ಅಂದರೆ ಹಕ್ಕಿ ಇನ್ನೂ ಉತ್ತರದಲ್ಲಿದೆ ಅಂತ ಅರ್ಥ. ಚಳಿಗಾಲದಲ್ಲಿ ಅದೇ ಉದ್ದ ಹಗಲಿಗೆ ಹಕ್ಕಿ ದಕ್ಷಿಣದಲ್ಲಿದೆ ಅಂತ ಅರ್ಥ! ಹಗಲು-ರಾತ್ರಿ ಸಮವಾಗುವ ದಿನ (ಮಾರ್ಚ್ 20, ಸೆಪ್ಟೆಂಬರ್ 22ರ ಸುಮಾರು) ದಾಟುತ್ತಲೇ ತಪ್ಪು ಮಗ್ಗುಲು ಬದಲಿಸುತ್ತದೆ. ಹಕ್ಕಿ ಇದ್ದಲ್ಲೇ ತೇಲುತ್ತಿದ್ದರೂ ನಕ್ಷೆಯಲ್ಲಿ ವಲಸೆ ಹೋಗುತ್ತದೆ, ಅದೂ ನಾವು ನಿರೀಕ್ಷಿಸುವ ದಿಕ್ಕಿಗೇ. ಅದಕ್ಕೇ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಬಿಲದ ಕತ್ತಲೆ ಲೆಕ್ಕ ಕೆಡಿಸುತ್ತದೆ ಅಂತ ಗೂಡಿನ ದಿನಗಳನ್ನು ಜಾಣನಂತೆ ಕಿತ್ತುಹಾಕಿದ್ದೆ ಬೇರೆ. ಉಳಿಸಿಕೊಂಡಿದ್ದರೆ ಇಡೀ ದ್ವೀಪವೇ ಉತ್ತರಕ್ಕೆ ಸರಿದಿರುವುದು ಕಣ್ಣಿಗೆ ಹೊಡೆಯುತ್ತಿತ್ತು.

ಬ್ಯಾಟರಿ ಸಾಯದೆ ಉಳಿದಿದ್ದ 4 ಯಂತ್ರಗಳನ್ನು ತಾರಸಿಯ ಮೇಲಿಟ್ಟು ಎರಡು ವಾರ ಅಳೆದೆ. (ಒಂದರ ಮೇಲೆ ಪಾರಿವಾಳ ಕೂತು ಮೂರು ದಿನದ ಬೆಳಗು ಕೆಡಿಸಿತು.) ಲೆಕ್ಕ ಸರಿಮಾಡಿದರೆ ಆ ನಾಲ್ಕೂ ದಕ್ಷಿಣಕ್ಕೆ ಹೋಗಿರಲೇ ಇಲ್ಲ. ಹೋದದ್ದು ಪಶ್ಚಿಮಕ್ಕೆ. ರೇಖಾಂಶ ಮೊದಲಿನಿಂದಲೂ ಅದನ್ನೇ ಹೇಳುತ್ತಿತ್ತು, ನಾನು ನೋಡಿರಲಿಲ್ಲ. ವರದಿ ವಾಪಸ್ ತಗೊಂಡೆ. ಆ ಮುಖಭಂಗ ಬೇಡ ಬಿಡಿ.

ಹಾಗಾಗಿ 20 ಬೇಡ, 12 ಹಾಕಿ. ಉಳಿದ ದುಡ್ಡು ಮರುವರ್ಷ ದ್ವೀಪಕ್ಕೆ ಹೋಗಿ ವಾರಗಟ್ಟಲೆ ಕೂರಲು ಇರಲಿ. ಯಂತ್ರ ಕೈಗೆ ಬರದಿದ್ದರೆ ಮಾಹಿತಿಯೂ ಇಲ್ಲ. ಹಾಕುವ ಮೊದಲು, ತೆಗೆದ ಮೇಲೆ, ಎರಡು ಸಲವೂ ಪ್ರತಿ ಯಂತ್ರವನ್ನು ಬಯಲಲ್ಲಿಟ್ಟು ಅಳೆಯಿರಿ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಹಿಂದೆ ಮುಂದೆ ಎರಡು ಮೂರು ವಾರದ ಅಕ್ಷಾಂಶ ನಂಬಬೇಡಿ, ಎಷ್ಟೇ ಚಂದ ಕಂಡರೂ. ಯಂತ್ರ ಹಾಕದ ಒಂದಷ್ಟು ಜೋಡಿಗಳ ಮರಿಗಳನ್ನೂ ಎಣಿಸಿ, ನಾವೇ ಹಕ್ಕಿಗೆ ತೊಂದರೆ ಕೊಡುತ್ತಿದ್ದೇವೋ ಇಲ್ಲವೋ ಗೊತ್ತಾಗುತ್ತದೆ.

ಅಂದಹಾಗೆ, ಬಿಲಗಳಿಗೆ ನಂಬರ್ ಹಾಕಿದ್ದೀರಾ? ಪಫಿನ್ ಸಾಮಾನ್ಯವಾಗಿ ತನ್ನ ಹಳೇ ಬಿಲಕ್ಕೇ ಬರುತ್ತದೆ, ಆದರೆ ಚಳಿಗಾಲದ ಗಾಳಿಗೆ ನನ್ನ ಮರದ ಗೂಟಗಳಲ್ಲಿ ಅರ್ಧ ಹಾರಿಹೋಗಿದ್ದವು.