ಸಕ್ಕರೆ ಕಾಯಿಲೆ ಇದ್ದವರ ಆಣಿಗೆ ಕಾರ್ನ್ ಕ್ಯಾಪ್ ಬೇಡ

ಬದಿಯಡ್ಕದಲ್ಲಿರುವ ನಿಮ್ಮ ಅಪ್ಪನಿಗೆ ಹಳೇ ಸಕ್ಕರೆ ಕಾಯಿಲೆ, ಪಾದದಡಿ ಆಣಿ ಆಗಿದೆ, ನೋವೇನಿಲ್ಲ, ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ (ಆಣಿಗೆ ಅಂಟಿಸುವ ಔಷಧಿ ಪಟ್ಟಿ) ತಂದು ಹಾಕಲೇ ಎಂದು ಕೇಳಿದ್ದೀರಿ. ಬೇಡ ಮಾರಾಯ್ರೇ. ಅದರಲ್ಲಿರುವುದು ಸ್ಯಾಲಿಸಿಲಿಕ್ ಆಸಿಡ್. ಆಣಿಯ ಜೊತೆ ಪಕ್ಕದ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ನಮಗಾದರೆ ಉರಿ ಗೊತ್ತಾಗಿ ಕಿತ್ತು ಬಿಸಾಡುತ್ತೇವೆ. ಅವರಿಗೆ ಗೊತ್ತೇ ಆಗದೆ ಹುಣ್ಣಾಗಬಹುದು. ಬ್ಲೇಡಿನಿಂದ ಕೆತ್ತುವುದೂ ಬೇಡ.

ನೋವಿಲ್ಲ ಅಂದಿರಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಪಾದದ ನರಗಳು ಕೆಟ್ಟಿರಬಹುದು. ದಪ್ಪ ಚರ್ಮದ ಕೆಳಗೆ ಆಗಲೇ ಗಾಯ ಇದ್ದರೂ ಇರಬಹುದು, ಮಧ್ಯೆ ಕಪ್ಪು ಚುಕ್ಕೆ ಕಂಡರೆ ತಡ ಮಾಡಬೇಡಿ. ಪೋಡಿಯಾಟ್ರಿಸ್ಟ್, ಅಂದರೆ ಪಾದದ ತಜ್ಞರು, ನಮ್ಮ ಕಡೆ ಸಿಗುವುದು ಅಪರೂಪ. ಸಕ್ಕರೆ ಕಾಯಿಲೆಯ ಡಾಕ್ಟರಿಗೋ ಸರ್ಜನ್‌ಗೋ ತೋರಿಸಿದರೆ ಸಾಕು. 10 ಗ್ರಾಂ ಮೊನೊಫಿಲಮೆಂಟ್ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ. ನೈಲಾನ್ ಎಳೆಯೊಂದನ್ನು ಅದು ಬಾಗುವವರೆಗೆ ಪಾದಕ್ಕೆ ಒತ್ತುತ್ತಾರೆ, ಸ್ಪರ್ಶ ಇದೆಯೋ ಇಲ್ಲವೋ ತಿಳಿಯುತ್ತದೆ. ಪಾದದ ನಾಡಿಯನ್ನೂ ನೋಡಿಸಿ.

ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಹೋಗುವುದನ್ನು ನಿಲ್ಲಿಸಬೇಕು. ಹಿರಿಯರು ಒಪ್ಪುವುದು ಕಷ್ಟ, ಅಲ್ವಾ? ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಲಿ, ಸಣ್ಣ ಕಲ್ಲೊಂದು ಸಾಕು ಗಾಯ ಮಾಡಲು. ರಾತ್ರಿ ಪಾದದಡಿ ನೀವೇ ನೋಡಿ. ಮಳೆಗಾಲದಲ್ಲಿ ಬೆರಳ ಸಂದು ಒರೆಸಿ ಒಣಗಿಸಿ, ಅಲ್ಲಿ ಮಾತ್ರ ಕ್ರೀಮ್ ಹಚ್ಚಬೇಡಿ.

ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಗಾಯ ಕಾಣದಿದ್ದರೂ ನಡೆಸಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.