ಸೋಲಲು ಒಪ್ಪದ ಯೋಧ

ಕಿರಣ್ (ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ) ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ಅಮ್ಮನ ಒತ್ತಾಯಕ್ಕೆ. ವಯಸ್ಸು 26, ಐಟಿ ಕೆಲಸ. "ರಾತ್ರಿಯೆಲ್ಲ ಗೇಮ್ ಮೇಡಂ, ಇವನಿಗೆ ಹುಚ್ಚು ಹಿಡಿದಿದೆ" ಅಂದರು ಅಮ್ಮ. ಕಿರಣ್ ಸಂಕಟವೇ ಬೇರೆ ಇತ್ತು. "ಗಿಲ್ಡ್‌ನವರು ನನ್ನನ್ನ ಕಥೆಗೆ ಸೇರಿಸಿಕೊಳ್ತಿಲ್ಲ." ಗಿಲ್ಡ್ ಅಂದರೆ ಆಟದಲ್ಲಿ ಜೊತೆಗೂಡಿ ಆಡುವವರ ತಂಡ.

ಅವರು ಆಡುವುದು ಸಾವಿರಾರು ಜನ ಒಟ್ಟಿಗೆ ಸೇರುವ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಯುರೋಪಿನ ಅರ್ಜೆಂಟ್ ಡಾನ್ ಸರ್ವರ್‌ನಲ್ಲಿ. ರೋಲ್‌ಪ್ಲೇಗೆ, ಅಂದರೆ ತಾನೇ ಪಾತ್ರವಾಗಿ ನಟಿಸುತ್ತ ಆಡುವುದಕ್ಕೆಂದೇ ಇರುವ ಸರ್ವರ್ ಅದು. ಅಲ್ಲಿ ಎಷ್ಟೋ ಜನ ಸ್ಟಾರ್ಮ್‌ವಿಂಡ್ ನಗರದ ಹೆಂಡದಂಗಡಿಯಲ್ಲಿ ಪಾತ್ರವನ್ನು ಕೂರಿಸಿ, ಅದರ ಮಾತು, ನಡೆ ಎಲ್ಲ ಟೈಪ್ ಮಾಡುತ್ತಾ ಗಂಟೆಗಟ್ಟಲೆ ಕಥೆ ಕಟ್ಟುತ್ತಾರೆ. ತಾಳಮದ್ದಳೆಯಲ್ಲಿ ಎದುರಿನವರ ಮಾತು ಹಿಡಿದು ಅಲ್ಲೇ ಅರ್ಥ ಹೇಳ್ತಾರಲ್ವಾ, ಹೆಚ್ಚುಕಡಿಮೆ ಹಾಗೆ.

ಲ್ಯಾಪ್‌ಟಾಪ್ ತೆಗೆದು ಹಳೇ ಚಾಟ್ ತೋರಿಸಿ ಅಂದೆ. ಒಬ್ಬ ಕಳ್ಳಿ ಕಿರಣ್‌ನ ಯೋಧನ ಹಣದ ಚೀಲಕ್ಕೆ ಕೈ ಹಾಕುತ್ತಾಳೆ. ಕಿರಣ್ ಬರೆದದ್ದು: "ಅವಳ ಕೈ ಹಿಡಿದು, ಮಣಿಕಟ್ಟು ಮುರಿದು, ನೆಲಕ್ಕೆ ಕೆಡವಿದ." ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸವಿದೆ ಅಂತ ಹೊರಟುಬಿಟ್ಟರು. ಕೈ ಮುರಿಯಬೇಕೋ ಬೇಡವೋ ಅನ್ನುವುದು ಕಳ್ಳಿಯನ್ನು ಆಡುತ್ತಿದ್ದವರು ಹೇಳಬೇಕಾದ ಮಾತು. ಅದನ್ನು ಇವರೇ ಕಸಿದುಕೊಂಡರು. ಗಾಡ್‌ಮಾಡಿಂಗ್ ಅಂತ ಆಟಗಾರರು ಬೈಯುವುದು ಇದಕ್ಕೇ. ಇನ್ನೊಂದು ಕಡೆ, ಪಾತ್ರಗಳ ಪರಿಚಯ ಬರೆದಿಟ್ಟು ತೋರಿಸುವ ಟೋಟಲ್ ಆರ್‌ಪಿ 3 ಆಡ್‌ಆನ್‌ನಲ್ಲಿ ಒಬ್ಬಳ ಹಿನ್ನೆಲೆ ಓದಿಕೊಂಡು, ಮೊದಲ ಭೇಟಿಯಲ್ಲೇ "ನಿನ್ನ ಅಣ್ಣ ಸತ್ತದ್ದು ಗೊತ್ತು" ಅಂತ ಯೋಧನ ಬಾಯಲ್ಲಿ ಹೇಳಿಸಿದ್ದರು. ಯೋಧನಿಗೆ ಅದು ಹೇಗೆ ಗೊತ್ತಾಗಬೇಕು?

ಯಾಕೆ ಒಮ್ಮೆಯೂ ಸೋಲುವುದಿಲ್ಲ ಅಂತ ಕೇಳಿದೆ. ಆಫೀಸಿನಲ್ಲಿ ದಿನಾ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರೆದುರು ಬೈಸಿಕೊಳ್ಳುತ್ತಾರಂತೆ. "ಅಲ್ಲೂ ಸೋಲಬೇಕಾ ಮೇಡಂ?"

ನನಗೆ ಅವರ ನಿಜವಾದ ಸಮಸ್ಯೆ ಕಂಡದ್ದು ಈ ಪ್ರಶ್ನೆಯಲ್ಲಿ. ಆಫೀಸಿನಲ್ಲಿ ಯಾವಾಗ, ಯಾರೆದುರು, ಎಷ್ಟು ಬೈಸಿಕೊಳ್ಳಬೇಕು ಅನ್ನುವುದು ಅವರ ಕೈಯಲ್ಲಿಲ್ಲ. ಆಟದಲ್ಲಿ ಯೋಧ ಎಲ್ಲಿ ಎಡವಬೇಕು, ಎಷ್ಟು ನೋಯಬೇಕು, ಹೇಗೆ ಏಳಬೇಕು ಎಲ್ಲವನ್ನೂ ಬರೆಯುವವರು ಅವರೇ. ಇದನ್ನೇ ಅವರಿಗೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ.

ಆಮೇಲೆ ಒಂದಿಷ್ಟು ಅಭ್ಯಾಸ ಕೊಟ್ಟೆ. "ಕೈ ಹಿಡಿಯಲು ನೋಡಿದ" ಅಂತಷ್ಟೇ ಬರೆದು ನಿಲ್ಲಿಸಿ, ಮುಂದಿನದು ಆ ಕಡೆಯವರಿಗೆ ಬಿಡಿ. ಯೋಧನಿಗೆ ಒಂದು ಆಸೆ, ಒಂದು ಭಯ, ಎಷ್ಟು ಕಷ್ಟಪಟ್ಟರೂ ಬಾರದ ಒಂದು ಕೆಲಸ ಇಟ್ಟುಕೊಳ್ಳಿ. ಎದುರಿನ ಪಾತ್ರ "ಹೇಡಿ" ಅಂದಾಗ ನಿಮ್ಮ ಹೊಟ್ಟೆಯೇ ಉರಿದರೆ ತಕ್ಷಣ ಉತ್ತರ ಬೇಡ. ಪಾತ್ರದಿಂದ ಹೊರಗೆ ಬಂದು, ಎಲ್ಲರೂ ಮಾಡುವ ಹಾಗೆ (( )) ಅಂತ ಎರಡೆರಡು ಆವರಣ ಚಿಹ್ನೆ ಹಾಕಿ, "ಜಗಳ ಪಾತ್ರಗಳದ್ದು, ನಾವಿಬ್ಬರೂ ಸರಿ ಇದ್ದೀವಿ ತಾನೇ?" ಅಂತ ಖಾಸಗಿಯಾಗಿ ಕೇಳಿ. ಇಷ್ಟು ಕೇಳದೆ ಎಷ್ಟು ಒಳ್ಳೆಯ ಗೆಳೆತನಗಳು ಹಾಳಾಗುತ್ತವೆ ಗೊತ್ತಾ?

ನಿದ್ದೆಯ ವಿಷಯದಲ್ಲಿ ಅಮ್ಮ ಹೇಳಿದ್ದು ಸರಿಯೇ. ಮಧ್ಯ ಯುರೋಪಿನ ರಾತ್ರಿ 8 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಮಧ್ಯರಾತ್ರಿ 12:30. ಹಾಗಾಗಿ ತಡರಾತ್ರಿಯ ಆಟ ಶನಿವಾರಕ್ಕೆ ಮಾತ್ರ ಅಂತ ಒಪ್ಪಿಸಿದೆ. ಆದರೆ ಇದು ಚಟ ಅಂತ ನಾನು ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆ ಅನ್ನಬೇಕಾದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಆಟವೇ ಎಲ್ಲಕ್ಕಿಂತ ಮುಖ್ಯವಾಗಿರಬೇಕು, ಬದುಕು ಕೆಡುತ್ತಿದ್ದರೂ ಆಟ ಮುಂದುವರಿಯುತ್ತಲೇ ಇರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳು. ಕಿರಣ್ ಕೆಲಸಕ್ಕೆ ಹೋಗುತ್ತಾರೆ, ಗೆಳೆಯರಿದ್ದಾರೆ, ಆಟ ಕಡಿಮೆ ಮಾಡಿ ಅಂದರೆ ಮಾಡುತ್ತಾರೆ. ಅಮ್ಮನಿಗೆ ಇಷ್ಟೇ ಹೇಳಿದೆ: "ಅದನ್ನ ಬಿಡು" ಅನ್ನುವ ಮೊದಲು "ಇವತ್ತು ಕಥೆ ಎಲ್ಲಿಗೆ ಬಂತು" ಅಂತ ಒಂದು ಸಲ ಕೇಳಿ ನೋಡಿ.

ಮುಂದೊಂದು ಭೇಟಿಯಲ್ಲಿ ಕಿರಣ್ ಹೊಸ ಚಾಟ್ ತೋರಿಸಿದರು. ಕಳ್ಳಿಯ ಆಟಗಾರರಲ್ಲಿ ಕ್ಷಮೆ ಕೇಳಿ, ಇನ್ನೊಮ್ಮೆ ಆಡೋಣ ಅಂದಿದ್ದರಂತೆ. ಈ ಸಲ ಅವಳ ಚಾಕು ಯೋಧನ ಬಲಗೈಗೆ ತಗುಲಿದೆ. ವೈದ್ಯೆಯ ಪಾತ್ರದವರೊಬ್ಬರು ತಾವಾಗಿಯೇ ಬಂದು ಗಾಯ ಕಟ್ಟಿದ್ದಾರೆ, ಈಗ ಎಡಗೈಯಲ್ಲಿ ಕತ್ತಿ ಹಿಡಿಯಲು ಕಲಿಸುವವರು ಯಾರು ಅಂತ ಗಿಲ್ಡ್‌ನಲ್ಲಿ ಪೈಪೋಟಿ.

ಆಫೀಸಿನದು ಇನ್ನೂ ಬಗೆಹರಿದಿಲ್ಲ. ತಪ್ಪಿದ್ದರೆ ಒಬ್ಬನೇ ಇದ್ದಾಗ ಹೇಳಿ ಅಂತ ಮ್ಯಾನೇಜರ್‌ಗೆ ಕೇಳುವುದು ಹೇಗೆ? ನಾನು ಮ್ಯಾನೇಜರ್ ಆಗಿ, ಅವರು ಅವರಾಗಿಯೇ ಕೂತು ಈಗ ಅದನ್ನು ಅಭ್ಯಾಸ ಮಾಡುತ್ತಿದ್ದೇವೆ.